ಹಿತ್ತಿಲಲ್ಲಿ ಕೋಳಿ, ಪಾತಿಯಲ್ಲಿ ಸೊಪ್ಪು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಯಿತು. ಯುಗಾದಿ ಹತ್ತಿರ ಬಂತು. ಈ ಹೊತ್ತಿನಲ್ಲಿ ಹಿತ್ತಿಲ ವಿಷಯದ ಪತ್ರಗಳು ಜಾಸ್ತಿ ಬರುತ್ತವೆ. ಈ ಸಲ ಕೋಳಿ ಸಾಕಿದವರ ಪತ್ರಗಳೇ ಹೆಚ್ಚು. ನಾನಿರುವುದು ಮದ್ದೂರು ಕಡೆ. ಇಲ್ಲಿನ ಬಿಸಿಲು, ಇಲ್ಲಿನ ಕೆಂಪು ಮಣ್ಣು ನೋಡಿಕೊಂಡು ಹೇಳುತ್ತಿದ್ದೇನೆ. ಬೇರೆ ಸೀಮೆಯವರು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಿ.

ಪ್ರಶ್ನೆ: ಅಕ್ಕಾ, ಮದುವೆಯಾಗಿ ಹಳ್ಳಿಗೆ ಬಂದಿದ್ದೇನೆ. ಮನೆ ಹಿಂದೆ ಎರಡು ಗುಂಟೆ ಜಾಗ ಖಾಲಿ ಬಿದ್ದಿದೆ. ನೀರು ದಿನ ಬಿಟ್ಟು ದಿನ ಸಿಗುತ್ತದೆ. ಈ ಬೇಸಿಗೆಗೆ ಏನು ಹಾಕಲಿ?
— ತುರುವೇಕೆರೆಯಿಂದ ಒಬ್ಬ ಓದುಗರು

ಉತ್ತರ: ತಂಗಿ, ಬೀಜದಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡು. ಹೋದ ವಾರ ನಿಮ್ಮ ಮನೆಯಲ್ಲಿ ಏನೇನು ಅಡುಗೆ ಆಯಿತು ಅಂತ ಒಂದು ಚೀಟಿಯಲ್ಲಿ ಬರೆ. ಬಸ್ಸಾರು ಎರಡು ಸಲ, ಹುಳಿ ಮೂರು ಸಲ, ಬೆಂಡೆಕಾಯಿ ಪಲ್ಯ ಒಂದು ಸಲ, ಹೀಗೆ. ಆ ಚೀಟಿಯೇ ನಿನ್ನ ಬೀಜದ ಪಟ್ಟಿ. ಮನೆಯವರು ತಿನ್ನದೇ ಇರುವುದನ್ನು ಬೆಳೆದು ಒಣಗಿಸಿದವರನ್ನು ಬಹಳ ನೋಡಿದ್ದೇನೆ.

ಎರಡು ಗುಂಟೆಯನ್ನೂ ಅಗೆಯಬೇಡ. ನೀರು ನೋಡಿದರೆ ಅರ್ಧ ಗುಂಟೆ ಸಾಕು. ಬಿಸಿಲಿಗೆ ಜಗ್ಗದವು ದಂಟು, ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ. ಇವುಗಳಲ್ಲಿ ಗೋರಿಕಾಯಿಗೆ ನೀರು ತೀರಾ ಕಮ್ಮಿ ಸಾಕು. ಕೊತ್ತಂಬರಿ ಈಗ ಹಾಕಿದರೆ ಬೇಗ ಹೂವಿಗೆ ಬಂದುಬಿಡುತ್ತದೆ. ಎಲೆಕೋಸು, ಮೂಲಂಗಿ ಚಳಿಗಾಲಕ್ಕೆ ಇರಲಿ.

ದಂಟಿನ ಬೀಜವನ್ನು ಒಂದೇ ದಿನ ಪೂರ್ತಿ ಚೆಲ್ಲಬೇಡ. ಅದು ಸಾಸಿವೆಗಿಂತ ಸಣ್ಣದು, ಮರಳು ಬೆರೆಸಿ ಒಂದು ಪಾತಿಗೆ ಚೆಲ್ಲು. ಎರಡು ವಾರ ಬಿಟ್ಟು ಪಕ್ಕದ ಪಾತಿಗೆ ಚೆಲ್ಲು. 25 ದಿನಕ್ಕೆ ಮೊದಲ ಪಾತಿ ಕೀಳಲು ಬರುತ್ತದೆ. ಒತ್ತಾಗಿ ಹುಟ್ಟಿದ್ದನ್ನು ಮೊದಲು ಕಿತ್ತು ತಿನ್ನು, ಬಿಡುವು ಸಿಕ್ಕಿದ್ದು ದಂಟಾಗಿ ಬೆಳೆಯುತ್ತದೆ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಊರು. 45–50 ದಿನಕ್ಕೆ ಕಾಯಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಸಿಕ್ಕರೆ ಅದನ್ನೇ ಹಾಕು. ಎಲೆ ಹಳದಿಯಾಗುವ ನಂಜು ರೋಗವನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಒಂದೆರಡು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ವರ್ಷಕ್ಕೆ ಬೀಜವೂ ಆಯಿತು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಒಳ್ಳೆಯದು, ಆದರೆ ಅದು ಹೈಬ್ರಿಡ್. ಬೀಜ ಎತ್ತಿಟ್ಟರೆ ಅದೇ ಗುಣ ಬರುವುದಿಲ್ಲ.

ಸಂಜೆ ನೀರು ಹಾಕು. ಗಿಡದ ಬುಡಕ್ಕೆ ಒಣ ಹುಲ್ಲೋ ಹುರುಳಿ ಹೊಟ್ಟೋ ದಪ್ಪಗೆ ಹರಡು. ದಿನ ಬಿಟ್ಟು ದಿನದ ನೀರು ಆಗ ಸಾಕಾಗುತ್ತದೆ.

ಪ್ರಶ್ನೆ: ಕೋಳಿ ಬೇಕು ಅನ್ನುವುದು ನಮ್ಮತ್ತೆ. ಪಾತಿ ಬೇಕು ಅನ್ನುವುದು ನಾನು. ನಾನು ಮೆಂತ್ಯ ಚೆಲ್ಲಿದ ಸಂಜೆಯೇ ಅವರ ಕೋಳಿಗಳು ಕೆದಕಿ ಹಾಕುತ್ತವೆ. ದಿನಾ ಇದೇ ಜಗಳ. ನೀವೇ ಹೇಳಿ, ಯಾವುದು ಇರಬೇಕು?
— ನಾಗಮಂಗಲ ತಾಲ್ಲೂಕಿನಿಂದ

ಉತ್ತರ: ಎರಡೂ ಇರಬೇಕಮ್ಮಾ. ಒಂದಿಲ್ಲದೆ ಇನ್ನೊಂದಕ್ಕೆ ಖರ್ಚು ಜಾಸ್ತಿ. ಆದರೆ ಎರಡಕ್ಕೂ ಹೊತ್ತು ಗೊತ್ತು ಮಾಡಬೇಕು.

ಕೋಳಿ ಕೆದಕುವುದು ಅದರ ಹುಟ್ಟುಗುಣ. ಅದನ್ನು ಬಿಡಿಸಲು ಆಗುವುದಿಲ್ಲ, ಬಿಡಿಸಲೂ ಬಾರದು. ಹೊಸದಾಗಿ ನೀರು ಬಿದ್ದ ಸಡಿಲ ಮಣ್ಣು ಕಂಡರೆ ಹುಳ ಇದೆ ಅಂತ ಅದಕ್ಕೆ ಗೊತ್ತು. ಆದ್ದರಿಂದ ಬೀಜ ಹಾಕಿದ ಪಾತಿಗೆ ಹಳೆ ಸೀರೆ ಕಟ್ಟು. ನಾಲ್ಕು ಗೂಟ ಹುಗಿದು, ಸೊಂಟದ ಎತ್ತರಕ್ಕೆ ಸುತ್ತಲೂ ನೈಲಾನ್ ಸೀರೆ ಬಿಗಿದರೆ ಆಯಿತು. ಕೆಳಗಡೆ ಸೀರೆಯ ಅಂಚಿನ ಮೇಲೆ ಕಲ್ಲು ಹೇರು, ಇಲ್ಲದಿದ್ದರೆ ನುಸುಳುತ್ತವೆ. ಬೀಜ ಹಾಕಿದ ಜಾಗದ ಮೇಲೆ ತೆಂಗಿನ ಗರಿ ಮುಚ್ಚಿಡು, ಮೊಳಕೆ ಬಂದ ದಿನ ತೆಗೆ.

ಗಿಡ ಮೊಣಕಾಲೆತ್ತರ ಬಂದ ಬೆಂಡೆ, ಅಲಸಂದೆ ಸಾಲಿಗೆ ಸಂಜೆ ಮಾತ್ರ ಕೋಳಿ ಬಿಡು. ಕತ್ತಲಾಗುವ ಮೊದಲಿನ ಒಂದು ಗಂಟೆ. ಹುಳ, ಮಿಡತೆ ಆರಿಸುತ್ತವೆ, ಗಿಡದ ತಂಟೆಗೆ ಹೋಗುವಷ್ಟರಲ್ಲಿ ಗೂಡು ಸೇರುವ ಹೊತ್ತಾಗಿರುತ್ತದೆ. ಸೊಪ್ಪಿನ ಪಾತಿಗೆ ಮಾತ್ರ ಯಾವ ಹೊತ್ತಿನಲ್ಲೂ ಬೇಡ.

ನನಗೆ ತುಂಬ ಇಷ್ಟದ ಕೆಲಸ ಇನ್ನೊಂದಿದೆ. ಒಂದು ಪಾತಿಯ ಫಸಲು ಮುಗಿಯಿತು ಅನ್ನು. ಗಿಡ ಕೀಳಬೇಡ. ಸೀರೆ ಬಿಚ್ಚಿ ಕೋಳಿಗಳನ್ನು ಒಳಗೆ ಬಿಡು. ಮೊದಲು ಉಳಿದ ಎಲೆ ತಿನ್ನುತ್ತವೆ. ಆಮೇಲೆ ಹೇಂಟೆ ಎರಡು ಕಾಲಲ್ಲಿ ಹಿಂದಕ್ಕೆ ಮಣ್ಣು ಎಸೆದು, ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡುತ್ತದೆ. ಗೊಣ್ಣೆ ಹುಳ ಕಂಡರೆ ಕೊಕ್ ಕೊಕ್ ಅಂತ ಮರಿಗಳನ್ನು ಕರೆಯುತ್ತದೆ. ಕಳೆಯ ಬೀಜ, ಗೊಣ್ಣೆ ಹುಳ, ಗೆದ್ದಲು ಎಲ್ಲ ಖಾಲಿ. ಒಂದು ವಾರ ಬಿಟ್ಟರೆ ಗುದ್ದಲಿ ಹಾಕುವ ಕೆಲಸ ಅರ್ಧ ಮುಗಿದಿರುತ್ತದೆ. ನಿಮ್ಮತ್ತೆಯನ್ನು ಜೊತೆಗೆ ನಿಲ್ಲಿಸಿಕೊಂಡು ನೋಡು.

ಕೋಳಿ ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ. ಅದು ಸಗಣಿಗಿಂತ ಖಾರ. ಹಸಿಯಾಗಿ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಅದರಲ್ಲಿ ಹೊಟ್ಟೆ ಕೆಡಿಸುವ ಕ್ರಿಮಿಗಳೂ ಇರುತ್ತವೆ. ಗೂಡು ಗುಡಿಸಿದ್ದನ್ನು ತರಗೆಲೆ, ಬೂದಿ ಬೆರೆಯದ ಅಡುಗೆಮನೆ ಕಸ, ಹುಲ್ಲಿನ ಜೊತೆ ಗುಂಡಿಗೆ ಹಾಕು. ಎರಡು ಮೂರು ತಿಂಗಳು ಕೊಳೆಯಲಿ. ಕೈಗೆ ತೆಗೆದುಕೊಂಡಾಗ ನಾತ ಹೋಗಿ ಮಣ್ಣಿನ ವಾಸನೆ ಬಂದರೆ ಪಾತಿಗೆ ಹಾಕು. ಅತ್ತೆಯ ಕೋಳಿ ನಿನ್ನ ಮೆಂತ್ಯಕ್ಕೆ ಗೊಬ್ಬರ, ನಿನ್ನ ಮೆಂತ್ಯದ ಬೇರುಕಡ್ಡಿ ಅತ್ತೆಯ ಕೋಳಿಗೆ ಮೇವು. ಜಗಳಕ್ಕೆ ಜಾಗವೇ ಇಲ್ಲ.

ಪ್ರಶ್ನೆ: ನಾಟಿ ಕೋಳಿ ಸಾಕಬೇಕಾ, ಗಿರಿರಾಜ ಸಾಕಬೇಕಾ? ಮನೆಯಲ್ಲಿ ಐದು ಜನ ಇದ್ದೇವೆ.
— ಚನ್ನಪಟ್ಟಣದಿಂದ ಒಬ್ಬ ಶಿಕ್ಷಕಿ

ಉತ್ತರ: ಮೊಟ್ಟೆಯ ಆಸೆ ಜಾಸ್ತಿ ಇದ್ದರೆ ಗಿರಿರಾಜ ಅಥವಾ ಸ್ವರ್ಣಧಾರ. ಎರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಿಲಿಗಾಗಿಯೇ ರೂಪಿಸಿದ ತಳಿಗಳು. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಸ್ವರ್ಣಧಾರ ಅದಕ್ಕಿಂತ ಜಾಸ್ತಿ. ನಾಟಿ ಹೇಂಟೆ 60ರಿಂದ 80 ಇಟ್ಟರೆ ದೊಡ್ಡದು. ಆದರೆ ಗಿರಿರಾಜಕ್ಕೆ ಕಾವು ಕೂರುವ ಗುಣ ಕಮ್ಮಿ. ದಪ್ಪ ಮೈ, ಹದ್ದು ಬಂದರೆ ನಾಟಿಯಷ್ಟು ಚುರುಕಾಗಿ ಓಡುವುದಿಲ್ಲ. ನಾಟಿ ಕೋಳಿ ತನ್ನ ಮರಿ ತಾನೇ ಮಾಡಿ, ತಾನೇ ಮೇಯಿಸಿ, ನಾಯಿ ಬೆಕ್ಕಿಗೆ ಎದುರು ನಿಂತು ಕಾಯುತ್ತದೆ.

ನನ್ನ ಮಾತು ಕೇಳಿದರೆ ಮೂರು ಗಿರಿರಾಜ ಹೇಂಟೆ, ಎರಡು ನಾಟಿ ಹೇಂಟೆ, ಒಂದು ಹುಂಜ. ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಕಾವಿಗೆ ಇಡಬಹುದು. 21 ದಿನಕ್ಕೆ ಮರಿ. ವಾರದೊಳಗಿನ ಮೊಟ್ಟೆಯನ್ನೇ ಇಡಿ. ಏಳನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಒಳಗೆ ಜೇಡದ ಕಾಲಿನ ಹಾಗೆ ಕೆಂಪು ನರ ಕಾಣುತ್ತದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದನ್ನು ತೆಗೆದುಬಿಡಿ.

ಯಾವ ತಳಿ ಸಾಕಿದರೂ ಕೊಕ್ಕರೆ ರೋಗಕ್ಕೆ ಲಸಿಕೆ ತಪ್ಪಿಸಬೇಡಿ. ಮರಿ 5–7 ದಿನದ್ದಿರುವಾಗ ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ಎಂಟು ವಾರಕ್ಕೆ ಚುಚ್ಚುಮದ್ದು. ಪಶು ಆಸ್ಪತ್ರೆಯಲ್ಲಿ ಕೇಳಿ. ಹಸಿರು ಭೇದಿ ಶುರುವಾಗಿ ಕತ್ತು ತಿರುಚಿಕೊಂಡ ಮೇಲೆ ಯಾವ ಮದ್ದೂ ನಾಟುವುದಿಲ್ಲ. ಊರಿಗೆ ಊರೇ ಕೋಳಿ ಕಳೆದುಕೊಳ್ಳುತ್ತದೆ. ನೆರೆಹೊರೆಯವರೆಲ್ಲ ಒಂದೇ ದಿನ ಹಾಕಿಸಿದರೆ ಇನ್ನೂ ಒಳ್ಳೆಯದು, ಲಸಿಕೆಯ ಬಾಟಲಿ ಒಮ್ಮೆ ತೆರೆದರೆ ಇಟ್ಟುಕೊಳ್ಳಲು ಬರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಸ್ವಂತ ಮನೆ, ಹಿಂದೆ ಸ್ವಲ್ಪ ಮಣ್ಣಿನ ಜಾಗ ಇದೆ. ಹುಂಜ ಕೂಗಿದರೆ ಪಕ್ಕದ ಮನೆಯವರು ಬೈಯುತ್ತಾರೆ. ಹುಂಜ ಇಲ್ಲದೆ ಮೊಟ್ಟೆ ಸಿಗುತ್ತದಾ?

ಉತ್ತರ: ಧಾರಾಳವಾಗಿ ಸಿಗುತ್ತದೆ. ಹೇಂಟೆಗೆ ಮೊಟ್ಟೆ ಇಡಲು ಹುಂಜ ಬೇಡ, ಮರಿ ಆಗಲು ಮಾತ್ರ ಬೇಕು. ಎರಡು ಹೇಂಟೆ ಸಾಕಿ. ಪಕ್ಕದ ಮನೆಗೆ ಆಗಾಗ ನಾಲ್ಕು ಮೊಟ್ಟೆ ಕೊಡಿ.

ಪ್ರಶ್ನೆ: ಅಕ್ಕಾ, ನಮ್ಮ ಕೋಳಿ ಬಿಸಿಲು ಶುರುವಾದಾಗಿನಿಂದ ತತ್ತಿ ಇಡುವುದನ್ನು ಬಿಟ್ಟಿದೆ. ಒಂದು ಮಾತ್ರ ದಿನವಿಡೀ ಗೂಡಲ್ಲೇ ಕೂತಿರುತ್ತದೆ, ಹತ್ತಿರ ಹೋದರೆ ಕುಕ್ಕಲು ಬರುತ್ತದೆ.
— ಧಾರವಾಡದಿಂದ

ಉತ್ತರ: ಎರಡು ಬೇರೆ ಬೇರೆ ವಿಷಯ. ಗೂಡು ಬಿಡದೆ ಕೂತಿರುವುದು ಕಾವಿಗೆ ಬಂದಿದೆ. ಮರಿ ಬೇಕಿದ್ದರೆ ಹತ್ತು ಹನ್ನೆರಡು ತತ್ತಿ ಇಟ್ಟುಕೊಡಿ. ಬೇಡವಾದರೆ ಕಾವು ಬಿಡಿಸಬೇಕು. ಮೂಗಿಗೆ ಪುಕ್ಕ ಚುಚ್ಚುವುದನ್ನು ಕೆಲವರು ಮಾಡುತ್ತಾರೆ. ದಯವಿಟ್ಟು ಬೇಡ. ಆ ನೋವು ಅದಕ್ಕೆ ಯಾಕೆ? ಗಾಳಿ ಆಡುವ ಮಂಕರಿಯಲ್ಲಿ ಹುಲ್ಲು ಹಾಸದೆ, ನೆಲದಿಂದ ಎತ್ತರದಲ್ಲಿ, ನೆರಳಲ್ಲಿ ಮೂರು ನಾಲ್ಕು ದಿನ ಇಡಿ. ನೀರು, ಕಾಳು ಕೊಡಿ. ಹೊಟ್ಟೆಯ ಅಡಿಗೆ ತಂಪು ತಾಗುತ್ತಿದ್ದರೆ ಕಾವು ತಾನೇ ಇಳಿಯುತ್ತದೆ.

ಉಳಿದವು ಬಿಸಿಲಿಗೆ ನಿಲ್ಲಿಸಿವೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ ತಡೆಯಲಾರದೆ ಇವೆ ಅಂತ. ಮೇವು ಬೆಳಿಗ್ಗೆ ಬೇಗ, ಸಂಜೆ ತಂಪಾದ ಮೇಲೆ ಕೊಡಿ. ನೀರನ್ನು ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೆರಳಲ್ಲಿಡಿ, ಮಧ್ಯಾಹ್ನ ಒಮ್ಮೆ ಬದಲಿಸಿ. ತತ್ತಿಯ ಸಿಪ್ಪೆ ತೆಳ್ಳಗಾಗಿದ್ದರೆ ಸುಣ್ಣದಂಶ ಕಮ್ಮಿ. ಕಪ್ಪೆಚಿಪ್ಪಿನ ಪುಡಿಯೋ, ಹಂಚಿನ ಮೇಲೆ ಬಿಸಿ ಮಾಡಿ ಪುಡಿ ಮಾಡಿದ ತತ್ತಿ ಸಿಪ್ಪೆಯೋ ಒಂದು ಬಟ್ಟಲಲ್ಲಿ ಇಟ್ಟುಬಿಡಿ. ಬೇಕಾದಷ್ಟು ತಾವೇ ತಿನ್ನುತ್ತವೆ. ಹಾಗೇ ಬೇಲಿ ಸಂದಿ, ಹುಲ್ಲಿನ ಬಣವೆ ಹಿಂದೆ ಒಮ್ಮೆ ಹುಡುಕಿ. ಗೂಡಿನಲ್ಲಿ ಸೆಕೆ ಅಂತ ಬೇರೆ ಕಡೆ ಇಡುತ್ತಿರಬಹುದು.

ಪ್ರಶ್ನೆ: ನಮ್ಮ ಮನೆಯ ಮೊಟ್ಟೆ ಬೇಯಿಸಿದರೆ ಸಿಪ್ಪೆ ಬಿಡುವುದೇ ಇಲ್ಲ. ಬಿಳಿಯೆಲ್ಲ ಸಿಪ್ಪೆಗೆ ಹತ್ತಿಕೊಂಡು ಬರುತ್ತದೆ. ಅಂಗಡಿ ಮೊಟ್ಟೆಗೆ ಹೀಗಾಗುವುದಿಲ್ಲ. ಕೋಳಿಗೆ ಏನಾದರೂ ಕಾಯಿಲೆಯಾ?

ಉತ್ತರ: ಕಾಯಿಲೆ ಏನೂ ಇಲ್ಲ. ಮೊಟ್ಟೆ ತಾಜಾ ಇದೆ, ಅಷ್ಟೇ. ಇಟ್ಟು ದಿನ ಕಳೆದ ಹಾಗೆ ಬಿಳಿ ಭಾಗ ಸಿಪ್ಪೆಯೊಳಗಿನ ಪೊರೆಯನ್ನು ಬಿಟ್ಟುಕೊಳ್ಳುತ್ತದೆ. ಬೇಯಿಸಲು ವಾರದ ಹಿಂದಿನ ಮೊಟ್ಟೆ ತೆಗೆದುಕೊಳ್ಳಿ. ಇವತ್ತಿನದೇ ಬೇಕಿದ್ದರೆ ತಣ್ಣೀರಿಗೆ ಹಾಕಿ ಕಾಯಿಸಬೇಡಿ, ಕುದಿಯುವ ನೀರಿಗೆ ಇಳಿಬಿಡಿ, ಬೆಂದ ಕೂಡಲೇ ತಣ್ಣೀರಿಗೆ ಹಾಕಿ. ಇವತ್ತಿನ ಮೊಟ್ಟೆಗೆ ಹೇಳಿ ಮಾಡಿಸಿದ್ದು ಒಡೆದು ಬಿಟ್ಟ ಸಾರು. ಮಸಾಲೆ ಕುದಿಯುವಾಗ ಒಂದೊಂದೇ ಒಡೆದು ಬಿಡಿ, ಸೌಟು ಹಾಕದೆ ಮುಚ್ಚಿಡಿ. ಚದುರದೆ ಗುಂಡಗೆ ನಿಲ್ಲುತ್ತದೆ.

ಮೊಟ್ಟೆ ತೊಳೆದು ಇಡಬೇಡಿ. ಸಿಪ್ಪೆಯ ಮೇಲಿನ ತೆಳು ಲೇಪ ಹೋದರೆ ಬೇಗ ಕೆಡುತ್ತದೆ. ಅಡುಗೆಗೆ ತೆಗೆದುಕೊಳ್ಳುವಾಗ ತೊಳೆದರೆ ಸಾಕು.

ಪ್ರಶ್ನೆ: ಸೋರೆಕಾಯಿ ಕಹಿ ಬಂತು. ಜಾಸ್ತಿ ಹುಳಿ ಹಾಕಿ ಬೇಯಿಸಿದರೆ ಹೋಗುತ್ತದಾ?

ಉತ್ತರ: ಹೋಗುವುದಿಲ್ಲ. ತಿನ್ನಲೇಬೇಡಿ. ಸೋರೆಯ ಕಹಿ ವಿಷ. ವಾಂತಿ ಭೇದಿಯಾಗಿ, ಹೊಟ್ಟೆಯೊಳಗೆ ರಕ್ತ ಬಂದು ಪ್ರಾಣ ಹೋದದ್ದೂ ಇದೆ. ಬೇಯಿಸಿದರೂ ಆ ಕಹಿ ಸಾಯುವುದಿಲ್ಲ. ಹೀರೆ, ಸೌತೆಗೂ ಇದೇ ಮಾತು. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ಉಗಿಯಿರಿ. ಕಹಿ ಇದ್ದರೆ ಪೂರ್ತಿ ಕಾಯಿ ಗುಂಡಿಗೆ. ಕೋಳಿಗೂ ಹಾಕಬೇಡಿ, ಆ ಬಳ್ಳಿಯ ಬೀಜವನ್ನೂ ಇಡಬೇಡಿ. ಇದು ಹಾಗಲಕಾಯಿಯ ಕಹಿಯಂಥದ್ದಲ್ಲ.

ಪ್ರಶ್ನೆ: ಇಷ್ಟು ಕಷ್ಟ ಯಾಕಮ್ಮಾ, ಅಂಗಡಿಯಲ್ಲಿ ಮೊಟ್ಟೆ, ತರಕಾರಿ ಎರಡೂ ಅಗ್ಗ ಅಂತಾನೆ ನನ್ನ ಮಗ. ಲೆಕ್ಕ ಹಾಕಿದರೆ ಅವನು ಹೇಳುವುದು ಸರಿ ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯ?
— ಹಾಸನದಿಂದ, 62 ವರ್ಷದ ಗೃಹಿಣಿ

ಉತ್ತರ: ಅಮ್ಮಾ, ಲೆಕ್ಕ ಮಾಡಿಯೇಬಿಡೋಣ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಮೇವು ತಿನ್ನುತ್ತದೆ. ವರ್ಷಕ್ಕೆ 36 ಕಿಲೋ ಆಯಿತು. ನಾಟಿ ಹೇಂಟೆ ಕೊಡುವುದು 70 ಮೊಟ್ಟೆ. ಅಂದರೆ ಒಂದು ಮೊಟ್ಟೆಗೆ ಅರ್ಧ ಕಿಲೋ ಕಾಳು! ಕೂಡಿಹಾಕಿ ಎಲ್ಲವನ್ನೂ ದುಡ್ಡು ಕೊಟ್ಟು ತಂದು ಹಾಕಿದರೆ ನಿಮ್ಮ ಮಗ ಹೇಳುವುದು ನೂರಕ್ಕೆ ನೂರು ಸರಿ. ಬಿಟ್ಟು ಮೇಯಿಸಿ, ಅಕ್ಕಿ ನುಚ್ಚು, ರಾಗಿ ಜಾಲಾಡಿದಾಗ ಉಳಿದದ್ದು, ಸೊಪ್ಪಿನ ಕಡ್ಡಿ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ಗೆದ್ದಲಿರುವ ಕಡೆ ಒಂದು ಹಳೆ ಮಡಕೆಗೆ ಒದ್ದೆ ಸಗಣಿ, ಹುಲ್ಲು ತುಂಬಿ ರಾತ್ರಿ ಬೋರಲು ಹಾಕಿ. ಬೆಳಿಗ್ಗೆ ಮಡಕೆ ತುಂಬ ಗೆದ್ದಲು. ಮರಿಗಳಿಗೆ ಅದಕ್ಕಿಂತ ಒಳ್ಳೆ ಮೇವಿಲ್ಲ. ಬೂಷ್ಟು ಹಿಡಿದ ಕಾಳು, ಹಿಂಡಿ ಮಾತ್ರ ಹಾಕಬೇಡಿ.

ನಾಟಿ ಮೊಟ್ಟೆ ಔಷಧಿ ಅಂತ ನಾನು ಹೇಳುವುದಿಲ್ಲ. ಪ್ರೋಟೀನ್ ಎರಡರಲ್ಲೂ ಹೆಚ್ಚು ಕಮ್ಮಿ ಒಂದೇ. ಒಳಗಿನ ಹಳದಿ ಕೇಸರಿಯಾಗಿರುವುದು ಹಸಿರು ಸೊಪ್ಪು ಮೇಯುವುದರಿಂದ.

ಆದರೆ ತರಕಾರಿಯ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಸಂತೆಗೆ ಬೆಳೆಯುವವರು ತೂಕಕ್ಕೆ ಬೆಳೆಯಬೇಕು. ಅವರ ತಪ್ಪಲ್ಲ, ಅವರ ಹೊಟ್ಟೆಪಾಡು. ಬೆಂಡೆ ಇನ್ನೊಂದು ದಿನ ಗಿಡದಲ್ಲಿದ್ದರೆ ತೂಕ ಜಾಸ್ತಿ, ನಾರೂ ಜಾಸ್ತಿ. ಮನೆಗೆ ಬೆಳೆಯುವವರು ಎಳೆಯದನ್ನು ಕೀಳಬಹುದು. ಬೆರಳುದ್ದದ ಬೆಂಡೆ, ತುದಿ ಮುರಿದರೆ ಟಕ್ ಅನ್ನಬೇಕು. ಬೀಜ ಕೂರದ ಹೀರೆ, ಸಿಪ್ಪೆ ಸಮೇತ ಹೆಚ್ಚುವಂಥದ್ದು. ಎಳೆ ಗೋರಿಕಾಯಿ, ನಾರು ತೆಗೆಯುವ ಕೆಲಸವೇ ಇಲ್ಲ. ಬೆಳಿಗ್ಗೆ ಕಿತ್ತು ಹನ್ನೊಂದು ಗಂಟೆಗೆ ಒಲೆ ಮೇಲಿಟ್ಟರೆ ಅಲಸಂದೆಯ ಸಿಹಿ ಅಲಸಂದೆಯಲ್ಲೇ ಇರುತ್ತದೆ. ಎರಡು ದಿನ ಚೀಲದಲ್ಲಿ ಕೂತರೆ ಅದು ಹೋಯಿತು. ಇನ್ನು ಕುಂಬಳದ ಕುಡಿ, ಕುಂಬಳದ ಹೂವು, ಅಲಸಂದೆಯ ಚಿಗುರೆಲೆ, ಒತ್ತು ಕಿತ್ತ ದಂಟಿನ ಸಸಿ, ಇವು ಯಾವ ಅಂಗಡಿಯಲ್ಲಿ ಸಿಗುತ್ತವೆ? ಈ ಅಂಕಣದಲ್ಲಿ ನೀವು ಎಷ್ಟು ಸಲ ಕೇಳಿದರೂ ನಾನು ಹೇಳುವುದು ಇದೇ: ತಿನ್ನುವುದಕ್ಕೆ ಬೆಳೆಯಿರಿ, ಎಳೆಯದನ್ನು ಕೀಳಿ, ಅವತ್ತೇ ತಿನ್ನಿ. ನಿಮ್ಮ ಮಗ ಊರಿಗೆ ಬಂದ ದಿನ ಲೆಕ್ಕ ಹೇಳಬೇಡಿ. ಕಿತ್ತು ಗಂಟೆಯಾಗದ ಬೆಂಡೆಯ ಪಲ್ಯ ಬಡಿಸಿ.

ಪ್ರಶ್ನೆ: ಹಿತ್ತಿಲ ಮೊಟ್ಟೆ, ಹಿತ್ತಿಲ ಸೊಪ್ಪು ಎರಡೂ ಸೇರಿಸಿ ಬೇಗ ಆಗುವ ಒಂದು ಅಡುಗೆ ಹೇಳಿ.
— ಮಳವಳ್ಳಿಯಿಂದ

ಉತ್ತರ: ನುಗ್ಗೆಸೊಪ್ಪಿನ ಮೊಟ್ಟೆ ಪಲ್ಯ. ಎಳೆ ಸೊಪ್ಪು ಎರಡು ಹಿಡಿ, ಕಡ್ಡಿ ಇಲ್ಲದೆ ಬಿಡಿಸಿಕೊಳ್ಳಿ. ಕಡ್ಡಿ ಉಳಿದರೆ ಬಾಯಿಗೆ ಚುಚ್ಚುತ್ತದೆ, ಇದರಲ್ಲಿ ಸೋಮಾರಿತನ ಬೇಡ. ಎಣ್ಣೆ ಕಾದ ಮೇಲೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಎರಡು ದೊಡ್ಡ ಈರುಳ್ಳಿ ಹೆಚ್ಚಿ ಹಾಕಿ ಬಾಡಿಸಿ. ನುಗ್ಗೆಗೆ ಸ್ವಲ್ಪ ಒಗರು ಇರುವುದರಿಂದ ಈರುಳ್ಳಿ ಧಾರಾಳವಾಗಿರಲಿ. ಸೊಪ್ಪು ಹಾಕಿ, ಉಪ್ಪು, ಅರಿಶಿನ, ಒಂದು ಕೈ ನೀರು ಚಿಮುಕಿಸಿ ಮುಚ್ಚಿ. ಸೊಪ್ಪು ಮೆತ್ತಗಾದ ಮೇಲೆ ನೀರು ಪೂರ್ತಿ ಹಿಂಗಬೇಕು. ಆಮೇಲೆ ಸೊಪ್ಪನ್ನು ಬದಿಗೆ ಸರಿಸಿ ನಡುವೆ ನಾಲ್ಕು ಮೊಟ್ಟೆ ಒಡೆದು ಹಾಕಿ. ಅರ್ಧ ಗಟ್ಟಿಯಾಗುವ ತನಕ ಕೈ ಹಾಕಬೇಡಿ. ಆಮೇಲೆ ಕೆದಕಿ ಬೆರೆಸಿ. ಕಾಯಿತುರಿ ಮೇಲೆ ಹಾಕಿ ಇಳಿಸಿ. ಬಿಸಿ ಮುದ್ದೆ, ಉಪ್ಸಾರಿನ ಜೊತೆ ನೆಂಚಿಕೊಂಡು ನೋಡಿ.

ಪ್ರಶ್ನೆ: ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಮನೆಯ ಹುಂಜ ಕೊಯ್ಯೋಣ ಅಂತ ಇದ್ದೆವು. ಒಂಬತ್ತು ವರ್ಷದ ಮಗಳು ಅದಕ್ಕೆ ಹೆಸರಿಟ್ಟಿದ್ದಾಳೆ. ಊಟ ಬಿಟ್ಟು ಅಳುತ್ತಿದ್ದಾಳೆ. ಅವಳು ಶಾಲೆಗೆ ಹೋದಾಗ ಕೊಯ್ದು, ಬೆಕ್ಕು ಹಿಡಿಯಿತು ಅಂದುಬಿಡಿ ಅಂತಾರೆ ಮನೆಯವರು.
— ಕನಕಪುರದಿಂದ

ಉತ್ತರ: ಸುಳ್ಳು ಹೇಳಬೇಡಿ ತಾಯಿ. ಹಬ್ಬದ ಊಟದ ತಟ್ಟೆ ನೋಡಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಅವಳು ನಂಬದಿರುವುದು ಕೋಳಿಯ ವಿಷಯದಲ್ಲಿ ಮಾತ್ರ ಅಲ್ಲ.

ಆ ಹುಂಜನನ್ನು ಈ ಸಲ ಬಿಡಿ. ಹೇಗೂ ಒಂದೇ ಹುಂಜ ವರ್ಷಗಟ್ಟಲೆ ಇದ್ದರೆ ಅದರ ಮರಿಗಳಿಗೆ ಅದೇ ಜೊತೆಯಾಗಿ ತಳಿ ಬಲ ಕುಂದುತ್ತದೆ. ಊರಿನಲ್ಲಿ ಕೋಳಿ ಸಾಕಿರುವ ಇನ್ನೊಂದು ಮನೆಯವರ ಜೊತೆ ಹುಂಜ ಅದಲು ಬದಲು ಮಾಡಿಕೊಳ್ಳಿ. ನಿಮ್ಮದು ಅವರ ಹೇಂಟೆಗಳ ಜೊತೆ ಇರಲಿ, ಕೊಯ್ಯಬಾರದು ಅಂತ ಮೊದಲೇ ಮಾತಾಗಿರಲಿ. ಅದನ್ನು ಕೊಡಲು ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಅವಳು ಬೇಕೆಂದಾಗ ಹೋಗಿ ನೋಡಿ ಬರಬಹುದು. ಅವರಿಂದ ಬಂದ ಹುಂಜ ನಿಮ್ಮ ಗೂಡಿಗೆ ಹೊಸ ತಳಿ.

ಹೊಸತೊಡಕಿಗೆ ಸಂತೆಯಿಂದ ನಾಟಿ ಕೋಳಿ ತನ್ನಿ. ಬಲಿತದ್ದಾದರೆ ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆಯಲ್ಲಿ ಅರಿಶಿನ, ಉಪ್ಪು, ಈರುಳ್ಳಿ ಜೊತೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಲಿ, ಮಸಾಲೆ ಆಮೇಲೆ. ಮಗಳು ತಿನ್ನುವುದಿಲ್ಲ ಅಂದರೆ ಒತ್ತಾಯ ಬೇಡ. ಅವಳಿಗೆ ಎರಡು ಮೊಟ್ಟೆ ಒಡೆದು ಬಿಟ್ಟು ಬೇರೆ ಬಟ್ಟಲಲ್ಲಿ ಸಾರು ಮಾಡಿಕೊಡಿ.